ಯಾರ ನೆಲ, ಯಾರ ನ್ಯಾಯ: ಮೂಲನಿವಾಸಿ ಲೇಖಕರ ಹರೆಯದ ಪತ್ತೇದಾರಿ ಕಾದಂಬರಿಗಳ ಚಾರಿತ್ರಿಕ ಹಿನ್ನೆಲೆ

1. ಪ್ರವೇಶ

ಪತ್ತೇದಾರಿ ಕಾದಂಬರಿಯು ತನ್ನ ಓದುಗನೊಡನೆ ಒಂದು ಅಲಿಖಿತ ಕರಾರನ್ನು ಮಾಡಿಕೊಂಡಿರುತ್ತದೆ. ಮೊದಲು ಒಂದು ಅಪರಾಧ ನಡೆಯಬೇಕು. ಅನಂತರ ಒಬ್ಬರು ಅದರ ಜಾಡು ಹಿಡಿಯಬೇಕು. ಕೊನೆಗೆ ಅಪರಾಧಿಯು ಬಯಲಾಗಿ ಕಾನೂನಿನ ಕೈಗೆ ಸಿಗಬೇಕು. ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ಓದಿ ಬೆಳೆದ ಕನ್ನಡಿಗರಿಗೆ ಈ ಕರಾರು ಅಪರಿಚಿತವಲ್ಲ. ಕೊನೆಯ ಪುಟದಲ್ಲಿ ಪೊಲೀಸರು ಬಂದೇ ಬರುತ್ತಾರೆ ಎಂಬ ನಂಬಿಕೆಯ ಮೇಲೆಯೇ ಹಿಂದಿನ ಪುಟಗಳ ಕುತೂಹಲವು ನಿಂತಿರುತ್ತದೆ.

ಆದರೆ ಪೊಲೀಸರು ಬರುವ ಖಾತರಿಯೇ ಇಲ್ಲದ ಸಮುದಾಯಗಳಲ್ಲಿ ಈ ಕಥಾಪ್ರಕಾರದ ಗತಿ ಏನಾಗುತ್ತದೆ? ಕೊಂದವನು ಯಾರೆಂದು ಊರಿಗೆಲ್ಲ ತಿಳಿದಿದ್ದರೂ ಅವನನ್ನು ಹಿಡಿಯುವ, ವಿಚಾರಿಸುವ, ಶಿಕ್ಷಿಸುವ ಅಧಿಕಾರ ಯಾರಿಗೂ ಇಲ್ಲವೆಂದಾದರೆ ಪತ್ತೇದಾರಿಕೆಗೆ ಉಳಿಯುವ ಕೆಲಸವಾದರೂ ಯಾವುದು? ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡ ಮತ್ತು ಆಸ್ಟ್ರೇಲಿಯಗಳ ಮೂಲನಿವಾಸಿ ಲೇಖಕರು ಹರೆಯದ ಓದುಗರಿಗಾಗಿ ಕಳೆದ ಸುಮಾರು ಹತ್ತು ವರ್ಷಗಳಲ್ಲಿ ಬರೆದ ರೋಚಕ ಕಾದಂಬರಿಗಳು ಈ ಪ್ರಶ್ನೆಯನ್ನು ಮುಂದಿಟ್ಟಿವೆ. 'ಅಪರಾಧಿ ಯಾರು' ಎಂಬ ಹಳೆಯ ಪ್ರಶ್ನೆಯ ಜಾಗದಲ್ಲಿ 'ಕೇಳುವ ಅಧಿಕಾರ ಯಾರದು' ಎಂಬ ಪ್ರಶ್ನೆಯನ್ನು ಅವು ಇರಿಸುತ್ತವೆ. ಇದನ್ನು ಕೇವಲ ಕಥನತಂತ್ರದ ಹೊಸತನವೆಂದು ಎಣಿಸುವಂತಿಲ್ಲ. ಇದರ ಹಿಂದೆ ನೂರನಲವತ್ತು ವರ್ಷಗಳಿಗೂ ಹಿಂದಿನಿಂದ ಬಂದ ಕಾನೂನಿನ ಚರಿತ್ರೆಯಿದೆ. ಆ ಚರಿತ್ರೆಯನ್ನು ಜೊತೆಗಿರಿಸಿಕೊಂಡು ಈ ಕೃತಿಗಳನ್ನು ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ಬಗ್ಗೆ ಒಂದು ಮಾತು. 'ಮೂಲನಿವಾಸಿ' ಎಂಬ ಪದವನ್ನು ನಾವಿಲ್ಲಿ ಈ ಮೂರು ದೇಶಗಳ ಆದಿ ಸಮುದಾಯಗಳಿಗೆ ಅನ್ವಯಿಸಿ ಬಳಸಿದ್ದೇವೆ. ಅಮೆರಿಕದ ಕಾನೂನುಗಳಲ್ಲಿ ಬರುವ 'ಇಂಡಿಯನ್' ಎಂಬ ಮಾತನ್ನು ಆ ಕಾನೂನುಗಳ ಹೆಸರಿನಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ. 'ಹರೆಯದ ಓದುಗರು' ಎಂದರೆ ಸ್ಥೂಲವಾಗಿ ಹನ್ನೆರಡರಿಂದ ಹದಿನೆಂಟರ ವಯೋಮಾನದವರು.

2. ಒಂದು ಕೊಲೆ, ಎರಡು ನ್ಯಾಯ

1881ರ ಆಗಸ್ಟ್ ತಿಂಗಳಲ್ಲಿ ಡಕೋಟ ಪ್ರಾಂತದ ರೋಸ್‌ಬಡ್ ಪ್ರದೇಶದಲ್ಲಿ ಲಕೋಟ ಸಮುದಾಯದ ಮುಖಂಡ ಸ್ಪಾಟೆಡ್ ಟೇಲ್ ಎಂಬವನನ್ನು ಅದೇ ಸಮುದಾಯದ ಕ್ರೋ ಡಾಗ್ ಎಂಬವನು ಗುಂಡಿಟ್ಟು ಕೊಂದನು. ಕೊಂದವನು ಯಾರೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಸಮುದಾಯದ ಹಿರಿಯರು ಸಭೆ ಸೇರಿ ತಮ್ಮ ಕಟ್ಟಳೆಯಂತೆ ತೀರ್ಮಾನಿಸಿದರು. 600 ಡಾಲರು ಹಣ, ಎಂಟು ಕುದುರೆ, ಒಂದು ಕಂಬಳಿ ಸತ್ತವನ ಕುಟುಂಬಕ್ಕೆ ಸಂದವು. ಲಕೋಟರ ದೃಷ್ಟಿಯಲ್ಲಿ ಪ್ರಕರಣ ಅಲ್ಲಿಗೆ ಮುಗಿಯಿತು. ಮುಯ್ಯಿಗೆ ಮುಯ್ಯಿ ತೀರಿಸುವುದಕ್ಕಿಂತ ಎರಡು ಕುಟುಂಬಗಳು ಒಂದೇ ನೆಲದ ಮೇಲೆ ಮತ್ತೆ ಬಾಳುವಂತೆ ಮಾಡುವುದೇ ಆ ನ್ಯಾಯದ ಗುರಿಯಾಗಿದ್ದಿತು.

ಹೊರಗಿನವರಿಗೆ ಇದು ನ್ಯಾಯವೆಂದು ತೋರಲಿಲ್ಲ. ಪ್ರಾಂತದ ನ್ಯಾಯಾಲಯವು ಕ್ರೋ ಡಾಗ್‌ನಿಗೆ ಮರಣದಂಡನೆ ವಿಧಿಸಿತು. 1883ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ರದ್ದುಪಡಿಸಿತು: ಮೂಲನಿವಾಸಿಗಳ ನೆಲದಲ್ಲಿ ಒಬ್ಬ ಮೂಲನಿವಾಸಿಯು ಇನ್ನೊಬ್ಬನನ್ನು ಕೊಂದರೆ ವಿಚಾರಣೆ ನಡೆಸುವ ಅಧಿಕಾರವು ಹೊರಗಿನ ನ್ಯಾಯಾಲಯಕ್ಕಿಲ್ಲ ಎಂಬುದು ತೀರ್ಪಿನ ಸಾರ. ಈ ತೀರ್ಪಿನಿಂದ ಅಸಮಾಧಾನಗೊಂಡ ಅಮೆರಿಕದ ಸಂಸತ್ತು 1885ರಲ್ಲಿ ಮೇಜರ್ ಕ್ರೈಮ್ಸ್ ಆಕ್ಟ್ ಎಂಬ ಕಾನೂನನ್ನು ತಂದಿತು. ಕೊಲೆಯೂ ಸೇರಿದಂತೆ ಏಳು ಘೋರ ಅಪರಾಧಗಳು ಅಂದಿನಿಂದ ಒಕ್ಕೂಟ ಸರಕಾರದ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟವು. ಈ ಪಟ್ಟಿ ಮುಂದೆ ಬೆಳೆಯುತ್ತ ಹೋಯಿತು. 1953ರ ಪಬ್ಲಿಕ್ ಲಾ 280 ಎಂಬ ಶಾಸನವು ಕೆಲವು ರಾಜ್ಯಗಳಲ್ಲಿ ಈ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ವರ್ಗಾಯಿಸಿತು. ಬುಡಕಟ್ಟು ನ್ಯಾಯಾಲಯಗಳು ಉಳಿದುಕೊಂಡವಾದರೂ 1968ರ ಕಾನೂನಿನ ಪ್ರಕಾರ ಅವು ವಿಧಿಸಬಹುದಾಗಿದ್ದ ಗರಿಷ್ಠ ಶಿಕ್ಷೆ ಆರು ತಿಂಗಳ ಸೆರೆವಾಸ ಮತ್ತು 500 ಡಾಲರು ದಂಡ ಮಾತ್ರ. ಈ ಮಿತಿ 1986ರಲ್ಲಿ ಒಂದು ವರ್ಷಕ್ಕೆ ಏರಿತು. 2010ರಲ್ಲಿ, ಕೆಲವು ಷರತ್ತುಗಳಿಗೆ ಒಳಪಟ್ಟು, ಮೂರು ವರ್ಷಕ್ಕೆ ಏರಿತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದುದು 1978ರ ಆಲಿಫೆಂಟ್ ಪ್ರಕರಣದಲ್ಲಿ. ವಾಷಿಂಗ್ಟನ್ ರಾಜ್ಯದ ಸುಕ್ವಾಮಿಶ್ ಸಮುದಾಯದ ಪೊಲೀಸರು, ತಮ್ಮ ಉತ್ಸವದ ಕಾಲದಲ್ಲಿ ಒಬ್ಬ ಅಧಿಕಾರಿಯ ಮೇಲೆ ಹಲ್ಲೆ ನಡೆಸಿದ ಆರೋಪದ ಮೇಲೆ, ಹೊರಗಿನವನೊಬ್ಬನನ್ನು ಬಂಧಿಸಿದ್ದರು. ಮೂಲನಿವಾಸಿಯಲ್ಲದವನನ್ನು ವಿಚಾರಣೆಗೆ ಗುರಿಪಡಿಸುವ ಅಧಿಕಾರ ಬುಡಕಟ್ಟು ನ್ಯಾಯಾಲಯಗಳಿಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಇದರ ಪರಿಣಾಮವಾಗಿ ಒಂದು ಕೃತ್ಯ ನಡೆದಾಗ ಸಾಕ್ಷ್ಯ ಸಂಗ್ರಹಿಸುವುದಕ್ಕೂ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಯಿತು. ಆರೋಪಿಯು ಮೂಲನಿವಾಸಿಯೇ? ಬಲಿಯಾದವರು ಮೂಲನಿವಾಸಿಯೇ? ಕೃತ್ಯ ನಡೆದ ನೆಲ ಯಾರಿಗೆ ಸೇರಿದ್ದು? ಉತ್ತರಗಳು ಬದಲಾದಂತೆ ಪೊಲೀಸರೂ ಬದಲಾಗುತ್ತಾರೆ, ನ್ಯಾಯಾಲಯವೂ ಬದಲಾಗುತ್ತದೆ. ಉತ್ತರ ಸಿಗದಿದ್ದರೆ ಪ್ರಕರಣವೇ ಇಲ್ಲವಾಗುತ್ತದೆ.

ಅಮೆರಿಕ ಸರಕಾರದ ಲೆಕ್ಕಪರಿಶೋಧನಾ ಸಂಸ್ಥೆಯು 2010ರಲ್ಲಿ ನೀಡಿದ ವರದಿಯ ಪ್ರಕಾರ, 2005ರಿಂದ 2009ರ ಅವಧಿಯಲ್ಲಿ ಮೂಲನಿವಾಸಿ ಪ್ರದೇಶಗಳಿಂದ ಬಂದ ಪ್ರಕರಣಗಳಲ್ಲಿ ಶೇಕಡಾ 50ರಷ್ಟನ್ನು ಒಕ್ಕೂಟದ ಸರಕಾರಿ ವಕೀಲರು ಕೈಗೆತ್ತಿಕೊಳ್ಳಲಿಲ್ಲ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಈ ಪ್ರಮಾಣ ಶೇಕಡಾ 67. ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ಅಧ್ಯಯನವು ಮೂಲನಿವಾಸಿ ಮಹಿಳೆಯರಲ್ಲಿ ಶೇಕಡಾ 84.3ರಷ್ಟು ಮಂದಿ ಜೀವಮಾನದಲ್ಲಿ ಒಂದಲ್ಲ ಒಂದು ಬಗೆಯ ಹಿಂಸೆಗೆ ಒಳಗಾಗಿದ್ದಾರೆಂದೂ, ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ಶೇಕಡಾ 96ರಷ್ಟು ಮಂದಿಗೆ ಹಿಂಸೆ ನೀಡಿದವರಲ್ಲಿ ಹೊರ ಜನಾಂಗದವರೂ ಇದ್ದರೆಂದೂ ತಿಳಿಸಿತು. ಈ ಎರಡು ವರದಿಗಳನ್ನು ಆಲಿಫೆಂಟ್ ತೀರ್ಪಿನ ಪಕ್ಕದಲ್ಲಿಟ್ಟು ನೋಡಿದಾಗ ಪರಿಸ್ಥಿತಿಯ ತೀವ್ರತೆ ಸ್ಪಷ್ಟವಾಗುತ್ತದೆ. ಯಾರಿಂದ ಹೆಚ್ಚು ಅಪಾಯವಿದ್ದಿತೋ ಅವರನ್ನೇ ಮುಟ್ಟುವ ಅಧಿಕಾರ ಸಮುದಾಯಕ್ಕೆ ಇರಲಿಲ್ಲ.

3. ಕಥೆಯ ವಸ್ತುವಾಗಿದ್ದವರು

ಈ ಕಾನೂನಿನ ಚರಿತ್ರೆಗೆ ಸಮಾನಾಂತರವಾಗಿ ಸಾಹಿತ್ಯದ ಚರಿತ್ರೆಯೊಂದು ಸಾಗಿಬಂದಿದೆ. ಅಮೆರಿಕದಲ್ಲಿ ಅಗ್ಗದ ಬೆಲೆಯ ಜನಪ್ರಿಯ ಕಾದಂಬರಿಗಳ ಯುಗ ಆರಂಭವಾದುದೇ ಮೂಲನಿವಾಸಿ ಸ್ತ್ರೀಯೊಬ್ಬಳ ಕಥೆಯಿಂದ. 1860ರಲ್ಲಿ ಬೀಡ್ಲ್ ಸಂಸ್ಥೆಯು ಹತ್ತು ಸೆಂಟಿನ ಮಾಲೆಯಲ್ಲಿ ಮೊದಲನೆಯದಾಗಿ ಪ್ರಕಟಿಸಿದ್ದು ಆ್ಯನ್ ಸ್ಟೀಫನ್ಸ್ ಬರೆದ 'ಮಲಾಯೆಸ್ಕ'. ಆ ಮಾಲೆಗಳನ್ನು ಮುಗಿಬಿದ್ದು ಓದಿದವರಲ್ಲಿ ಹುಡುಗರೂ ತರುಣರೂ ಬಹಳ ಮಂದಿ ಇದ್ದರು. ಇಂದು ನಾವು ಹರೆಯದ ರೋಚಕ ಕಾದಂಬರಿ ಎಂದು ಕರೆಯುವ ಪ್ರಕಾರದ ಹಳೆಯ ಬೇರುಗಳಲ್ಲಿ ಇದೂ ಒಂದು. ಅಲ್ಲಿ ಮೂಲನಿವಾಸಿಯು ಒಂದೋ ಬೆದರಿಕೆ, ಇಲ್ಲವೇ ಅಳಿದುಹೋಗಲಿರುವ ದುರಂತ ಪಾತ್ರ.

ಪತ್ತೇದಾರಿ ಪ್ರಕಾರದಲ್ಲಿ ಅವನಿಗೆ ದೊರೆತ ಮತ್ತೊಂದು ಪಾತ್ರವೆಂದರೆ ಜಾಡು ಬಲ್ಲವನದು. 1929ರಲ್ಲಿ ಪ್ರಕಟವಾದ 'ದಿ ಬರಾಕೀ ಮಿಸ್ಟರಿ'ಯಿಂದ ಮೊದಲ್ಗೊಂಡು ಆಸ್ಟ್ರೇಲಿಯದ ಆರ್ಥರ್ ಅಪ್‌ಫೀಲ್ಡ್ ಸೃಷ್ಟಿಸಿದ ಪತ್ತೇದಾರ ಬೋನಿಯ ತಾಯಿ ಮೂಲನಿವಾಸಿ, ತಂದೆ ಬಿಳಿಯ. ನೆಲವನ್ನು ಓದುವ ಅವನ ವಿದ್ಯೆಯು ತಾಯಿಯ ಕಡೆಯದು. ಅದು ಸಲ್ಲುತ್ತಿದ್ದುದು ಮಾತ್ರ ವಸಾಹತು ಸರಕಾರದಿಂದ ಬೆಳೆದುಬಂದ ಪೊಲೀಸ್ ವ್ಯವಸ್ಥೆಗೆ. 1970ರಿಂದ ಟೋನಿ ಹಿಲರ್‌ಮನ್ ಬರೆದ ನವಾಹೋ ಪೊಲೀಸ್ ಅಧಿಕಾರಿಗಳ ಕಥೆಗಳು ಇದಕ್ಕಿಂತ ಹೆಚ್ಚು ಗೌರವದಿಂದ ಕೂಡಿದವು. ನವಾಹೋ ಸಮುದಾಯವೇ ಆತನನ್ನು ಮನ್ನಿಸಿತು. ಆದರೂ ಆತ ಹೊರಗಿನವನು ಎಂಬುದನ್ನು ಮರೆಯುವಂತಿಲ್ಲ.

ಈ ಪರಂಪರೆಯಲ್ಲಿ ನಿರ್ಣಾಯಕ ತಿರುವನ್ನು ತಂದ ಕೃತಿಯೆಂದರೆ 2012ರಲ್ಲಿ ಪ್ರಕಟವಾಗಿ ಆ ವರ್ಷದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಲೂಯಿಸ್ ಅರ್ಡ್ರಿಕ್ ಅವರ 'ದಿ ರೌಂಡ್ ಹೌಸ್'. ಅರ್ಡ್ರಿಕ್ ಓಜಿಬ್ವೆ ಮೂಲದವರು. ಈ ಕಾದಂಬರಿ ಪ್ರೌಢ ಓದುಗರಿಗಾಗಿ ಬರೆದದ್ದು. ಆದರೆ ಇದರ ನಿರೂಪಕ ಜೋ ಘಟನೆಗಳು ನಡೆಯುವ ಕಾಲದಲ್ಲಿ ಹದಿಮೂರರ ಹುಡುಗ. 1988ರಲ್ಲಿ ಉತ್ತರ ಡಕೋಟದಲ್ಲಿ ಅವನ ತಾಯಿಯ ಮೇಲೆ ಅತ್ಯಾಚಾರ ನಡೆಯುತ್ತದೆ. ತಂದೆ ಬುಡಕಟ್ಟು ನ್ಯಾಯಾಲಯದ ನ್ಯಾಯಾಧೀಶ. ಕೃತ್ಯ ನಡೆದ ಜಾಗ ಯಾವ ನೆಲದ ವ್ಯಾಪ್ತಿಗೆ ಸೇರಿದ್ದೆಂದು ಖಚಿತಪಡಿಸಲಾಗದ ಕಾರಣ ಅಪರಾಧಿ ಕೈಗೆ ಸಿಕ್ಕಿಯೂ ಜಾರಿಹೋಗುತ್ತಾನೆ. ನ್ಯಾಯಾಧೀಶನ ಮಗನೇ ಕಾನೂನಿನ ಹೊರಗೆ ಹೆಜ್ಜೆಯಿಡುವಂತಾದುದರ ಹೊಣೆ ಯಾರದೆಂಬ ಪ್ರಶ್ನೆಯನ್ನು ಕಾದಂಬರಿ ಓದುಗರಿಗೆ ಬಿಡುತ್ತದೆ.

4. ಸಾಕ್ಷಿಯಾದ ಹುಡುಗಿ

'ದಿ ರೌಂಡ್ ಹೌಸ್' ತೆರೆದ ದಾರಿಯನ್ನು ಹರೆಯದ ಓದುಗರ ಕಡೆಗೆ ತಿರುಗಿಸಿದವರಲ್ಲಿ ಪ್ರಮುಖರು ಆ್ಯಂಜಲೀನ್ ಬೂಲಿ. ಮಿಷಿಗನ್ ರಾಜ್ಯದ ಸೂ ಸೇಂಟ್ ಮರೀ ಚಿಪ್ಪೆವ ಸಮುದಾಯಕ್ಕೆ ಸೇರಿದ ಇವರು ಅಮೆರಿಕದ ಶಿಕ್ಷಣ ಇಲಾಖೆಯಲ್ಲಿ ಮೂಲನಿವಾಸಿ ಶಿಕ್ಷಣ ಕಚೇರಿಯ ನಿರ್ದೇಶಕರಾಗಿದ್ದವರು. ಇವರ ಮೊದಲ ಕಾದಂಬರಿ 'ಫೈರ್‌ಕೀಪರ್ಸ್ ಡಾಟರ್' 2021ರಲ್ಲಿ ಪ್ರಕಟವಾಯಿತು. 2022ರಲ್ಲಿ ಹರೆಯದ ಸಾಹಿತ್ಯಕ್ಕೆ ಸಲ್ಲುವ ಪ್ರಿಂಟ್ಸ್ ಪ್ರಶಸ್ತಿಯನ್ನೂ ಪತ್ತೇದಾರಿ ಸಾಹಿತ್ಯದ ಎಡ್ಗರ್ ಪ್ರಶಸ್ತಿಯನ್ನೂ ಪಡೆಯಿತು.

ಕಥೆ ನಡೆಯುವುದು 2004ರಲ್ಲಿ, ಕೆನಡದ ಗಡಿಗೆ ಅಂಟಿಕೊಂಡ ಸೂ ಸೇಂಟ್ ಮರೀ ಪಟ್ಟಣ ಮತ್ತು ಶುಗರ್ ದ್ವೀಪಗಳಲ್ಲಿ. ಕಥೆಯಲ್ಲಿ ಬರುವ ಬುಡಕಟ್ಟು ಸರಕಾರ ಮಾತ್ರ ಕಲ್ಪಿತ. ನಾಯಕಿ ಹದಿನೆಂಟರ ಡಾನಿಸ್ ಫಾಂಟೇನ್. ತಾಯಿ ಬಿಳಿಯ ಶ್ರೀಮಂತ ಮನೆತನದವಳು, ತಂದೆ ಓಜಿಬ್ವೆ. ಜನನ ದಾಖಲೆಯಲ್ಲಿ ತಂದೆಯ ಹೆಸರಿಲ್ಲದ ಕಾರಣ ಡಾನಿಸ್ ಬುಡಕಟ್ಟಿನ ಸದಸ್ಯರ ಪಟ್ಟಿಯಲ್ಲಿಲ್ಲ. ಮಾದಕ ವಸ್ತುವಿನ ಹಾವಳಿಯಲ್ಲಿ ಗೆಳತಿಯ ಕೊಲೆ ಅವಳ ಕಣ್ಣೆದುರೇ ನಡೆಯುತ್ತದೆ. ಒಕ್ಕೂಟದ ತನಿಖಾ ಸಂಸ್ಥೆಯಾದ ಎಫ್‌ಬಿಐ ಅವಳನ್ನು ಗುಪ್ತ ಮಾಹಿತಿದಾರಳನ್ನಾಗಿ ಬಳಸಿಕೊಳ್ಳುತ್ತದೆ. ರಸಾಯನಶಾಸ್ತ್ರವನ್ನೂ ಗಿಡಮೂಲಿಕೆಗಳನ್ನೂ ಬಲ್ಲ ಅವಳ ತಿಳಿವಳಿಕೆ ಅವರಿಗೆ ಬೇಕು. ಆ ತಿಳಿವಳಿಕೆ ಹುಟ್ಟಿದ ಸಮುದಾಯದ ಬಗ್ಗೆ ಅವರಿಗೆ ಅದೇ ಪ್ರಮಾಣದ ಕಾಳಜಿ ಇಲ್ಲ.

ಹಿಂದೆ ಹೇಳಿದ ಬೋನಿಯ ಪಾತ್ರವನ್ನು ಇಲ್ಲಿ ನೆನೆಯಬೇಕು. ಅಪ್‌ಫೀಲ್ಡ್‌ನಲ್ಲಿ ಹೆಮ್ಮೆಯ ವಿಷಯವಾಗಿದ್ದ ಸ್ಥಾನವೇ ಬೂಲಿಯವರಲ್ಲಿ ನೈತಿಕ ಸಂಕಟದ ಸ್ಥಾನವಾಗಿದೆ. ತನಿಖೆಗೆ ನೆರವಾಗುವುದು ಎಂದರೆ ತನ್ನವರ ಮೇಲೆ ಕಣ್ಣಿಡುವುದೂ ಹೌದು. ಆದ್ದರಿಂದ ಡಾನಿಸ್ ಎರಡು ತನಿಖೆಗಳನ್ನು ಒಟ್ಟಿಗೆ ನಡೆಸುತ್ತಾಳೆ. ಒಂದು ಸರಕಾರಕ್ಕಾಗಿ, ಇನ್ನೊಂದು, ಸರಕಾರದ ಮೇಲೆಯೇ ಒಂದು ಕಣ್ಣಿಟ್ಟು, ಸಮುದಾಯಕ್ಕಾಗಿ. ಯಾವ ಮಾಹಿತಿಯನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬ ವಿವೇಚನೆಯೇ ಈ ಕಾದಂಬರಿಯಲ್ಲಿ ನಿಜವಾದ ಪತ್ತೇದಾರಿಕೆ.

ಕಥೆಯ ನಡುವೆ ಡಾನಿಸ್‌ಳ ಮೇಲೆ ಬಿಳಿಯ ವ್ಯಕ್ತಿಯೊಬ್ಬನಿಂದ ಅತ್ಯಾಚಾರ ನಡೆಯುತ್ತದೆ. ಕೃತ್ಯ ನಡೆದದ್ದು ಬುಡಕಟ್ಟಿಗೆ ಸೇರಿದ ನೆಲದಲ್ಲಿ. 2004ರ ಕಾನೂನಿನಂತೆ ಬುಡಕಟ್ಟು ನ್ಯಾಯಾಲಯವು ಅವನನ್ನು ವಿಚಾರಿಸಲಾರದು. ವಿಚಾರಿಸಬಲ್ಲ ಒಕ್ಕೂಟ ಸರಕಾರಕ್ಕೆ ಆಸಕ್ತಿಯಿಲ್ಲ. ಮಾದಕ ವಸ್ತುವಿನ ಜಾಲ ಭೇದಿಸಲ್ಪಡುತ್ತದೆ. ಈ ಅಪರಾಧಕ್ಕೆ ಮಾತ್ರ ನ್ಯಾಯಾಲಯದಲ್ಲಿ ಉತ್ತರವಿಲ್ಲ. ಪತ್ತೇದಾರಿ ಕಾದಂಬರಿಯ ಕರಾರನ್ನು ಲೇಖಕಿ ಒಂದು ಕೈಯಿಂದ ಈಡೇರಿಸಿ ಇನ್ನೊಂದು ಕೈಯಿಂದ ಮುರಿಯುತ್ತಾರೆ. ಇದನ್ನು ಕಥಾಸಂವಿಧಾನದ ಕೊರತೆಯೆಂದು ಭಾವಿಸುವವರು 1978ರ ತೀರ್ಪನ್ನು ಗಮನಿಸಿಲ್ಲವೆಂದೇ ಹೇಳಬೇಕಾಗುತ್ತದೆ. ಕಾನೂನು ಕೈಬಿಟ್ಟ ಕಡೆಯಲ್ಲಿ ಸಮುದಾಯದ ಹೆಂಗಸರು ತಮ್ಮದೇ ರೀತಿಯಲ್ಲಿ ಅಪರಾಧಿಯೊಬ್ಬನನ್ನು ಎದುರಿಸುವ ಪ್ರಸಂಗವೂ ಕೃತಿಯಲ್ಲಿ ಬರುತ್ತದೆ. ಅದನ್ನು ಲೇಖಕಿ ವಿಜಯವೆಂದು ಮೆರೆಸದೆ, ಬೇರೆ ದಾರಿಯಿಲ್ಲದವರ ದಾರಿಯೆಂದು ಚಿತ್ರಿಸಿದ್ದಾರೆ.

ಕಾದಂಬರಿಯ ಕಾಲಕ್ಕೂ ಪ್ರಕಟಣೆಯ ಕಾಲಕ್ಕೂ ನಡುವೆ ಕಾನೂನು ಸ್ವಲ್ಪ ಬದಲಾಯಿತು. ಮಹಿಳೆಯರ ಮೇಲಿನ ದೌರ್ಜನ್ಯದ ವಿರುದ್ಧದ ಕಾನೂನನ್ನು 2013ರಲ್ಲಿ ನವೀಕರಿಸಿದಾಗ, ಕೌಟುಂಬಿಕ ಹಿಂಸೆ, ಪ್ರೇಮಸಂಬಂಧದಲ್ಲಿನ ಹಿಂಸೆ ಮತ್ತು ರಕ್ಷಣಾ ಆದೇಶದ ಉಲ್ಲಂಘನೆಗಳಲ್ಲಿ ಹೊರಗಿನವರನ್ನೂ ವಿಚಾರಿಸುವ ಅಧಿಕಾರ ಬುಡಕಟ್ಟು ನ್ಯಾಯಾಲಯಗಳಿಗೆ ದೊರೆಯಿತು. ಪರಿಚಯದ ಸಂಬಂಧವಿಲ್ಲದವನಿಂದ ನಡೆದ ಅತ್ಯಾಚಾರ ಆಗಲೂ ಅದರಿಂದ ಹೊರಗುಳಿಯಿತು. 2022ರ ನವೀಕರಣವು ಲೈಂಗಿಕ ಹಿಂಸೆಯನ್ನೂ ಮಕ್ಕಳ ಮೇಲಿನ ಹಿಂಸೆಯನ್ನೂ ಈ ವ್ಯಾಪ್ತಿಗೆ ಸೇರಿಸಿತು. ಅಂದರೆ ಡಾನಿಸ್‌ಳಂಥವರಿಗೆ ತಮ್ಮದೇ ನ್ಯಾಯಾಲಯದ ಬಾಗಿಲು ತೆರೆಯುವ ಕಾನೂನು ಬಂದದ್ದು ಕಾದಂಬರಿ ಪ್ರಕಟವಾದ ಮರುವರ್ಷ. ಕಾದಂಬರಿಯಿಂದಲೇ ಕಾನೂನು ಬದಲಾಯಿತೆಂದು ನಾವು ಹೇಳುತ್ತಿಲ್ಲ. ಮೂಲನಿವಾಸಿ ಮಹಿಳೆಯರ ದಶಕಗಳ ಹೋರಾಟವೇ ಎರಡರ ಹಿಂದೆಯೂ ಇದೆ.

5. ಮಕ್ಕಳು ಮತ್ತು ಮೂಳೆಗಳು

ಈ ಕೃತಿಗಳು ಹರೆಯದವರಿಗಾಗಿಯೇ ಏಕೆ ಬರೆಯಲ್ಪಟ್ಟವು? ಪ್ರಕಾಶನೋದ್ಯಮದ ಕಾರಣಗಳು ಇಲ್ಲದಿಲ್ಲ. ಅಮೆರಿಕದ ಮೂಲನಿವಾಸಿ ಗ್ರಂಥಪಾಲಕರ ಸಂಘವು 2006ರಿಂದ ಯುವ ಸಾಹಿತ್ಯಕ್ಕೆ ಪ್ರಶಸ್ತಿ ನೀಡತೊಡಗಿತು. ಹಾರ್ಪರ್‌ಕಾಲಿನ್ಸ್ ಸಂಸ್ಥೆಯು ಮಸ್ಕೋಗಿ ಸಮುದಾಯದ ಲೇಖಕಿ ಸಿಂಥಿಯ ಲೈಟಿಚ್ ಸ್ಮಿತ್ ಅವರ ನೇತೃತ್ವದಲ್ಲಿ 2021ರಲ್ಲಿ 'ಹಾರ್ಟ್‌ಡ್ರಮ್' ಎಂಬ ಪ್ರತ್ಯೇಕ ಮಾಲೆಯನ್ನು ಹೊರತಂದಿತು. ಆದರೆ ಇದಕ್ಕಿಂತ ಆಳವಾದ ಕಾರಣವೊಂದಿದೆ. ಈ ಮೂರೂ ದೇಶಗಳಲ್ಲಿ ಪ್ರಭುತ್ವದ ನೀತಿಗಳು ನೇರವಾಗಿ ಗುರಿಯಿಟ್ಟದ್ದು ಮಕ್ಕಳ ಮೇಲೆ.

ಅಮೆರಿಕದಲ್ಲಿ 1879ರಲ್ಲಿ ಆರಂಭವಾಗಿ 1918ರವರೆಗೆ ನಡೆದ ಕಾರ್ಲೈಲ್ ವಸತಿಶಾಲೆಯ ಮಾದರಿಯಲ್ಲಿ ಮಕ್ಕಳನ್ನು ತಾಯ್ತಂದೆಯರಿಂದ ಬೇರ್ಪಡಿಸಿ, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿಯನ್ನು ನಿಷೇಧಿಸಿದ ಶಾಲೆಗಳು ಬೆಳೆದವು. ಇಂಥ ಶಾಲೆಗಳಲ್ಲಿ ಕನಿಷ್ಠ 973 ಮಕ್ಕಳು ಸತ್ತರೆಂದು ಒಕ್ಕೂಟದ ಒಳಾಡಳಿತ ಇಲಾಖೆಯ 2024ರ ವರದಿ ಒಪ್ಪಿಕೊಂಡಿತು. ಶಾಲೆಗಳ ಅನಂತರ ದತ್ತಕದ ಸರದಿ. 1969 ಮತ್ತು 1974ರಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ಮೂಲನಿವಾಸಿ ಮಕ್ಕಳಲ್ಲಿ ಶೇಕಡಾ 25ರಿಂದ 35ರಷ್ಟು ಮಂದಿ ಕುಟುಂಬದಿಂದ ಬೇರ್ಪಟ್ಟು ಪಾಲನಾಗೃಹಗಳಿಗೋ ದತ್ತಕಕ್ಕೋ ಸಂಸ್ಥೆಗಳಿಗೋ ಸೇರಿದ್ದರು. ಇದನ್ನು ತಡೆಯಲೆಂದು 1978ರಲ್ಲಿ ಇಂಡಿಯನ್ ಚೈಲ್ಡ್ ವೆಲ್ಫೇರ್ ಆಕ್ಟ್ ಬಂದಿತು. ಬುಡಕಟ್ಟಿನ ಕೈಯಿಂದ ಒಂದು ಅಧಿಕಾರವನ್ನು ಕಿತ್ತುಕೊಂಡ ವರ್ಷವೇ ಇನ್ನೊಂದು ಅಧಿಕಾರವನ್ನು ಹಿಂದಿರುಗಿಸಿದುದು ಗಮನಾರ್ಹ. ಈ ಕಾನೂನನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಬೂಲಿಯವರ ಮೂರನೆಯ ಕಾದಂಬರಿ 'ಸಿಸ್ಟರ್ಸ್ ಇನ್ ದಿ ವಿಂಡ್' (2025) ಪಾಲನಾಗೃಹಗಳಲ್ಲಿ ಬೆಳೆದ ಹುಡುಗಿಯೊಬ್ಬಳ ಮೂಲಕ ಈ ಚರಿತ್ರೆಯನ್ನೇ ಹಿಡಿಯುತ್ತದೆ.

ಅವರ ಎರಡನೆಯ ಕಾದಂಬರಿ 'ವಾರಿಯರ್ ಗರ್ಲ್ ಅನ್‌ಅರ್ಥ್ಡ್' (2023) ಜೀವಂತರಿಂದ ಮೃತರ ಕಡೆಗೆ ಹೊರಳುತ್ತದೆ. ಕಥಾಕಾಲ 2014. ಹದಿನಾರರ ಪೆರಿ ಬೇಸಿಗೆಯ ತರಬೇತಿಗೆಂದು ಬುಡಕಟ್ಟಿನ ವಸ್ತುಸಂಗ್ರಹಾಲಯ ಸೇರಿದಾಗ, ತನ್ನ ಪೂರ್ವಜರ ಮೂಳೆಗಳು ವಿಶ್ವವಿದ್ಯಾನಿಲಯವೊಂದರ ಪೆಟ್ಟಿಗೆಗಳಲ್ಲಿ ಬಿದ್ದಿರುವುದು ಅವಳಿಗೆ ತಿಳಿಯುತ್ತದೆ. ಮೂಲನಿವಾಸಿಗಳ ಅಸ್ಥಿಗಳನ್ನೂ ಪವಿತ್ರ ವಸ್ತುಗಳನ್ನೂ ಹಿಂದಿರುಗಿಸಬೇಕೆಂಬ ಒಕ್ಕೂಟದ ಕಾನೂನು ಜಾರಿಗೆ ಬಂದುದು 1990ರಲ್ಲಿ. 'ಯಾವ ಸಮುದಾಯಕ್ಕೆ ಸೇರಿದವೆಂದು ಗುರುತಿಸಲಾಗದವು' ಎಂಬ ವರ್ಗವೊಂದರ ಮರೆಯಲ್ಲಿ ಅನೇಕ ಸಂಸ್ಥೆಗಳು ಅವನ್ನು ಉಳಿಸಿಕೊಂಡವು. ಕಾನೂನು ಬಂದು ಮೂವತ್ತೆರಡು ವರ್ಷ ಕಳೆದ ಮೇಲೂ, 2023ರ ಆರಂಭದಲ್ಲಿ, 1,10,000ಕ್ಕೂ ಹೆಚ್ಚು ಮೂಲನಿವಾಸಿಗಳ ಅವಶೇಷಗಳು ಸಂಸ್ಥೆಗಳಲ್ಲಿಯೇ ಇದ್ದುವೆಂದು ಪತ್ರಿಕಾ ತನಿಖೆಯೊಂದು ತೋರಿಸಿಕೊಟ್ಟಿತು. 2024ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಆ ವರ್ಗವನ್ನು ತೆಗೆದುಹಾಕಿದವು.

ಪೆರಿ ಆ ಅಸ್ಥಿಗಳನ್ನು ಕದಿಯುವ ಸಾಹಸಕ್ಕೆ ಮುಂದಾಗುತ್ತಾಳೆ. ಕಳವಿನ ಕಥೆ ಪತ್ತೇದಾರಿ ಪ್ರಕಾರದಲ್ಲಿ ಹಳೆಯದು. ಆದರೆ ಇಲ್ಲಿ ಕಳ್ಳ ಯಾರು, ಒಡೆಯ ಯಾರು ಎಂಬುದೇ ತಿರುಗುಮುರುಗಾಗಿದೆ. ಅದೇ ಹೊತ್ತಿಗೆ ಸಮುದಾಯದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿರುತ್ತಾರೆ. ಸತ್ತವರ ಮೂಳೆಗಳಿಗೆ ನಮೂದು ಸಂಖ್ಯೆ ಹಚ್ಚಿ ಜೋಪಾನವಾಗಿಡುವ ವ್ಯವಸ್ಥೆಯು ಬದುಕಿರುವವರು ಕಾಣೆಯಾದಾಗ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಎರಡು ಎಳೆಗಳನ್ನು ಒಂದೇ ಕಥೆಯಲ್ಲಿ ಹೆಣೆದಿರುವುದರಲ್ಲಿ ಬೂಲಿಯವರ ಚಾರಿತ್ರಿಕ ಪ್ರಜ್ಞೆ ಕಾಣುತ್ತದೆ.

6. ಕೆನಡ, ಆಸ್ಟ್ರೇಲಿಯ ಮತ್ತು ಅಪಾಚೆ ನೆಲ

ಕೆನಡದ ವಸತಿಶಾಲೆಗಳಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳು ಬೆಳೆದರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಸತ್ಯ ಮತ್ತು ಸಂಧಾನ ಆಯೋಗವು 2015ರಲ್ಲಿ ತನ್ನ ಅಂತಿಮ ವರದಿಯನ್ನು ಒಪ್ಪಿಸಿತು. 1980ರಿಂದ 2012ರ ಅವಧಿಯಲ್ಲಿ 1,017 ಮೂಲನಿವಾಸಿ ಮಹಿಳೆಯರ ಹತ್ಯೆಯೂ 164 ಮಂದಿಯ ಕಣ್ಮರೆಯೂ ಪೊಲೀಸ್ ದಾಖಲೆಗಳಲ್ಲಿದ್ದುವೆಂದು ಅಲ್ಲಿನ ರಾಷ್ಟ್ರೀಯ ಪೊಲೀಸ್ ದಳವೇ 2014ರಲ್ಲಿ ಪ್ರಕಟಿಸಿತು. ಈ ಬಗ್ಗೆ ನೇಮಕವಾದ ರಾಷ್ಟ್ರೀಯ ವಿಚಾರಣಾ ಆಯೋಗವು 2019ರಲ್ಲಿ 231 ಶಿಫಾರಸುಗಳನ್ನು ಮುಂದಿಟ್ಟಿತು.

ಈ ಎರಡು ಆಯೋಗಗಳ ನಡುವಿನ ಕಾಲದಲ್ಲಿ, 2017ರಲ್ಲಿ, ಮೇಟಿ ಸಮುದಾಯದ ಶೆರೀ ಡಿಮಲೀನ್ ಅವರ 'ದಿ ಮ್ಯಾರೊ ಥೀವ್ಸ್' ಪ್ರಕಟವಾಗಿ ಗವರ್ನರ್ ಜನರಲ್ ಪ್ರಶಸ್ತಿಯನ್ನು ಪಡೆಯಿತು. ಇದು ಭವಿಷ್ಯದಲ್ಲಿ ನಡೆಯುವ ಬೆನ್ನಟ್ಟುವಿಕೆಯ ಕಥೆ. ಜಗತ್ತಿನ ಜನ ಕನಸು ಕಾಣುವ ಶಕ್ತಿಯನ್ನು ಕಳೆದುಕೊಂಡಿದ್ದಾರೆ. ಅದು ಉಳಿದಿರುವುದು ಮೂಲನಿವಾಸಿಗಳಲ್ಲಿ ಮಾತ್ರ. ಅವರ ಅಸ್ಥಿಮಜ್ಜೆಯನ್ನು ತೆಗೆಯಲೆಂದು ಹಳೆಯ ವಸತಿಶಾಲೆಗಳ ಮಾದರಿಯಲ್ಲಿಯೇ ಕೇಂದ್ರಗಳು ಎದ್ದಿವೆ. ಇಲ್ಲಿ ಅಪರಾಧಿಯನ್ನು ಹುಡುಕುವ ಪ್ರಮೇಯವೇ ಇಲ್ಲ. ಕಾನೂನೇ ಬೆನ್ನಟ್ಟಿ ಬರುತ್ತಿದೆ. ಕಲ್ಪಿತ ಭವಿಷ್ಯವೆಂದು ಓದತೊಡಗಿದ ಹುಡುಗ ಅದು ತನ್ನ ಅಜ್ಜ ಅಜ್ಜಿಯರ ಭೂತಕಾಲವೆಂದು ಅರಿಯುವ ಕ್ಷಣದಲ್ಲಿ ಈ ಕೃತಿಯ ಚಾರಿತ್ರಿಕ ಕೆಲಸ ನೆರವೇರುತ್ತದೆ.

ಪಶ್ಚಿಮ ಆಸ್ಟ್ರೇಲಿಯದಲ್ಲಿ 1905ರ ಕಾನೂನು ಹದಿನಾರರೊಳಗಿನ ಪ್ರತಿಯೊಬ್ಬ ಮೂಲನಿವಾಸಿ ಮಗುವಿಗೂ ಸರಕಾರದ ಮುಖ್ಯ ಸಂರಕ್ಷಕನೆಂಬ ಅಧಿಕಾರಿಯನ್ನೇ ಪೋಷಕನನ್ನಾಗಿ ಮಾಡಿತ್ತು. ಮಕ್ಕಳನ್ನು ಎತ್ತೊಯ್ದ ಈ ಚರಿತ್ರೆ 1997ರ 'ಬ್ರಿಂಗಿಂಗ್ ದೆಮ್ ಹೋಮ್' ವರದಿಯಲ್ಲಿ ದಾಖಲಾಯಿತು. ಅದಕ್ಕೂ ಮೊದಲು, 1987ರಿಂದ 1991ರವರೆಗೆ ನಡೆದ ರಾಯಲ್ ಕಮಿಷನ್, ಬಂಧನದಲ್ಲಿ ಸಂಭವಿಸಿದ 99 ಮೂಲನಿವಾಸಿಗಳ ಸಾವುಗಳನ್ನು ಪರಿಶೀಲಿಸಿತ್ತು. ಪಾಲಿಕು ಸಮುದಾಯದ ಸಹೋದರ ಸಹೋದರಿ ಆ್ಯಂಬಲಿನ್ ಮತ್ತು ಎಝೀಕಿಯಲ್ ಕ್ವೇಮುಲಿನ ಬರೆದ 'ಕ್ಯಾಚಿಂಗ್ ಟೆಲರ್ ಕ್ರೋ' (2018) ಈ ಹಿನ್ನೆಲೆಯ ಪತ್ತೇದಾರಿ ಕಾದಂಬರಿ. ಪೊಲೀಸ್ ಅಧಿಕಾರಿಯಾದ ಬಿಳಿಯ ತಂದೆಗೆ ಸತ್ತುಹೋದ ಮಗಳು ಬೆತ್ ಜೊತೆಯಾಗಿರುತ್ತಾಳೆ. ಸಾಕ್ಷಿಯಾದ ಹುಡುಗಿ ಐಸೊಬೆಲ್ ಕ್ಯಾಚಿಂಗ್ ತನ್ನ ಹೇಳಿಕೆಯನ್ನು ಪದ್ಯದಲ್ಲಿ ನುಡಿಯುತ್ತಾಳೆ. ಆ ಪದ್ಯಗಳಲ್ಲಿ ಬರುವ ವಿಚಿತ್ರ ಜೀವಿಗಳನ್ನು ಭ್ರಮೆಯೆಂದು ತಳ್ಳಿಹಾಕಿದರೆ ಅಪರಾಧ ಬಯಲಾಗದು. ಸಾಕ್ಷ್ಯವೆಂದು ಯಾವ ಮಾತನ್ನು ಒಪ್ಪಬೇಕು ಎಂಬುದು ಇಲ್ಲಿ ಮೂಲ ಪ್ರಶ್ನೆ.

ಲಿಪನ್ ಅಪಾಚೆ ಸಮುದಾಯದ ಡಾರ್ಸಿ ಲಿಟಲ್ ಬ್ಯಾಜರ್ ಅವರ 'ಎಲಾಟ್ಸೊಯೆ' (2020) ಇದನ್ನು ಇನ್ನೊಂದು ಬಗೆಯಲ್ಲಿ ಕೇಳುತ್ತದೆ. ಕೊಲೆಯಾದ ಬಂಧು ಆರಂಭದಲ್ಲಿಯೇ ನಾಯಕಿಯ ಕನಸಿನಲ್ಲಿ ಬಂದು ಕೊಂದವನ ಹೆಸರನ್ನು ಹೇಳುತ್ತಾನೆ. ಮನೆಮಂದಿ ಅದನ್ನು ನಂಬುತ್ತಾರೆ. ಆದರೆ ನ್ಯಾಯಾಲಯದಲ್ಲಿ ಕನಸಿಗೆ ಬೆಲೆಯಿಲ್ಲ. 1881ರ ಕ್ರೋ ಡಾಗ್ ಪ್ರಕರಣದಲ್ಲಿ ಇದ್ದ ಪರಿಸ್ಥಿತಿಯ ನೆರಳು ಇಲ್ಲಿ ಕಾಣುತ್ತದೆ. ಅಪರಾಧಿ ಗೊತ್ತು, ಗೊತ್ತಿರುವುದನ್ನು ಯಾವ ಸಭೆಯ ಮುಂದೆ ಇಡಬೇಕು ಎಂಬುದಷ್ಟೇ ಗೊತ್ತಿಲ್ಲ.

7. ಒಂದು ಆಕ್ಷೇಪ ಮತ್ತು ಕೆಲವು ತೀರ್ಮಾನಗಳು

ಸಮುದಾಯದ ನೋವನ್ನು ಮನರಂಜನೆಯ ಸರಕನ್ನಾಗಿಸುವುದು ಸರಿಯೇ ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣಲಾರೆವು. ಮಾದಕ ವಸ್ತು, ಕೊಲೆ, ಅತ್ಯಾಚಾರಗಳ ಕಥೆಗಳು ಮೂಲನಿವಾಸಿಗಳ ಬಗ್ಗೆ ಇರುವ ಹಳೆಯ ಪೂರ್ವಗ್ರಹವನ್ನು ಬಲಪಡಿಸುವ ಅಪಾಯ ಖಂಡಿತವಾಗಿಯೂ ಇದೆ. ಇದಕ್ಕೆ ಕೃತಿಗಳೇ ನೀಡುವ ಉತ್ತರಗಳು ಎರಡು. ಮೊದಲನೆಯದಾಗಿ, ಅಪರಾಧವು ಸಮುದಾಯದ ಸ್ವಭಾವದಿಂದ ಹುಟ್ಟಿದ್ದಲ್ಲ, ಅಧಿಕಾರವನ್ನು ಕಿತ್ತುಕೊಂಡ ಚರಿತ್ರೆಯಿಂದ ಬೆಳೆದದ್ದು ಎಂಬುದನ್ನು ಅವು ಕಥೆಯ ಒಡಲಲ್ಲಿಯೇ ತೋರಿಸುತ್ತವೆ. ಎರಡನೆಯದಾಗಿ, ಅಪರಾಧದ ಸುತ್ತ ಒಂದು ತುಂಬಿದ ಬದುಕಿದೆ: ಹಾಕಿ ಆಟ, ದ್ವೀಪಕ್ಕೆ ಹೋಗಿಬರುವ ದೋಣಿ, ಹಿರಿಯರ ಮಧ್ಯಾಹ್ನದೂಟ, ನಗೆಚಾಟಿಕೆ, ನುಡಿಯನ್ನು ಮತ್ತೆ ಕಲಿಯುವ ಹಂಬಲ. 'ಫೈರ್‌ಕೀಪರ್ಸ್ ಡಾಟರ್'ನಲ್ಲಿ ಸದಸ್ಯರ ಪಟ್ಟಿಯಲ್ಲಿಲ್ಲದ ಡಾನಿಸ್‌ಳನ್ನು ತಮ್ಮವಳೆಂದು ಪ್ರಮಾಣೀಕರಿಸಿ ಹಿರಿಯರು ಸಾಕ್ಷ್ಯಪತ್ರಗಳಿಗೆ ಸಹಿ ಹಾಕುತ್ತಾರೆ. ಒಕ್ಕೂಟದ ನ್ಯಾಯಾಲಯ ಕೊಡದ ತೀರ್ಪೊಂದನ್ನು ಸಮುದಾಯ ಕೊಡುವುದು ಹೀಗೆ. ಹರೆಯದ ಕಥೆಗಳಲ್ಲಿ ದೊಡ್ಡವರಾಗುವುದೆಂದರೆ ಸಾಮಾನ್ಯವಾಗಿ ಮನೆಯಿಂದ ಹೊರನಡೆಯುವುದು. ಇಲ್ಲಿ ದೊಡ್ಡವರಾಗುವುದೆಂದರೆ ಸಮುದಾಯದೊಳಕ್ಕೆ ಬರುವುದು. ಮಕ್ಕಳನ್ನು ಹೊರಗೆಳೆದೊಯ್ದ ಶಾಲೆಗಳ ಚರಿತ್ರೆಯನ್ನು ನೆನೆದರೆ ಈ ವ್ಯತ್ಯಾಸದ ಅರ್ಥ ಹೊಳೆಯುತ್ತದೆ.

ಈ ಕೃತಿಗಳ ಮಾದರಿಯನ್ನು ನಮ್ಮ ಸಂದರ್ಭಕ್ಕೆ ನೇರವಾಗಿ ಒಗ್ಗಿಸುವುದು ತಪ್ಪಾದೀತು. ಭಾರತದ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳು ಮಹಾರಾಷ್ಟ್ರ, ತೆಲಂಗಾಣ, ಆಂಧ್ರಪ್ರದೇಶಗಳಲ್ಲಿವೆ, ಕರ್ನಾಟಕದಲ್ಲಿಲ್ಲ. 1996ರ ಪೆಸಾ ಕಾನೂನು ಆ ಪ್ರದೇಶಗಳ ಗ್ರಾಮಸಭೆಗಳಿಗೆ ರೂಢಿಯ ಪ್ರಕಾರ ವ್ಯಾಜ್ಯ ತೀರ್ಮಾನಿಸುವ ಅಧಿಕಾರವನ್ನು ಮಾನ್ಯ ಮಾಡಿದೆಯಾದರೂ ಅದು ಅಮೆರಿಕದ ಬುಡಕಟ್ಟು ನ್ಯಾಯಾಲಯಗಳಿಗೆ ಸಮನಾದುದಲ್ಲ. ಆದರೆ ಪ್ರಶ್ನೆಯನ್ನು ಎರವಲು ಪಡೆಯಬಹುದು. 1871ರ ಅಪರಾಧಿ ಬುಡಕಟ್ಟುಗಳ ಕಾನೂನು ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಸಮುದಾಯಗಳನ್ನು ದಾಖಲಿಸಿತು. ಅದರ ಮುಂದುವರಿಕೆಯಾಗಿ ಮುಂಬಯಿ ಪ್ರಾಂತದಲ್ಲಿ ಸೊಲ್ಲಾಪುರ, ಹುಬ್ಬಳ್ಳಿ, ವಿಜಾಪುರ, ಗದಗಗಳಲ್ಲಿ ಬೇಲಿ ಹಾಕಿದ ವಸತಿಗಳು ಎದ್ದವು. 1952ರಲ್ಲಿ ಕಾನೂನು ರದ್ದಾಯಿತು. ಕನ್ನಡದ ಪತ್ತೇದಾರಿ ಕಾದಂಬರಿಗಳು ಜನಪ್ರಿಯವಾದದ್ದು ಅದರ ನಂತರದ ದಶಕಗಳಲ್ಲಿಯೇ. ಆ ಕಾದಂಬರಿಗಳಲ್ಲಿ ಸಂಶಯವು ಮೊದಲು ಯಾರ ಮೇಲೆ ಬೀಳುತ್ತದೆ, ಜಾಡು ಹಿಡಿಯುವವನು ಯಾರು, ಸಾಕ್ಷಿಯಾಗಿ ಯಾರ ಮಾತು ನಿಲ್ಲುತ್ತದೆ ಎಂಬುದನ್ನು ಮುಂಬಯಿ, ಸೊಲ್ಲಾಪುರ, ಹೈದರಾಬಾದುಗಳಲ್ಲಿರುವ ಕನ್ನಡ ಸಂಶೋಧಕರು ಆ ವಸತಿಗಳ ದಾಖಲೆಗಳೊಡನೆ ಹೋಲಿಸಿ ಪರಿಶೀಲಿಸಬಹುದಾಗಿದೆ. ದಾಖಲೆಗಳು ಮುಂಬಯಿ ಸರಕಾರದ ಹಳೆಯ ವಾರ್ಷಿಕ ವರದಿಗಳಲ್ಲಿವೆ. ಆ ವಸತಿಗಳಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಅವೇ ಊರುಗಳಲ್ಲಿದ್ದಾರೆ. ಕೆಲಸವನ್ನು ಈ ಎರಡು ಕಡೆಯಿಂದಲೂ ಏಕಕಾಲದಲ್ಲಿ ಆರಂಭಿಸುವುದು ಅಗತ್ಯವೆಂದು ನಮ್ಮ ಭಾವನೆ.